ನೆರಳಲ್ಲಿ ಒಣಗಬೇಕಾದ ಹೂವು

"ಗುರುಗಳೇ, ಮದ್ದು ಮಾಡುವಾಗ ಕೈತಪ್ಪಾಯಿತು ಅಂತಿಟ್ಟುಕೊಳ್ಳಿ. ಬಣ್ಣ ಕೆಟ್ಟಿಲ್ಲ, ವಾಸನೆ ಕೆಟ್ಟಿಲ್ಲ, ಯಾರ ಕಣ್ಣಿಗೂ ಬಿದ್ದಿಲ್ಲ. ಆಗಲೂ ಹೇಳಿಕೊಳ್ಳಲೇಬೇಕೆ?"

ಟಿಬೆಟ್ಟಿನ ಒಂದು ಬೆಟ್ಟದೂರಿನಲ್ಲಿ ಮುದಿ ವೈದ್ಯನೊಬ್ಬನನ್ನು ಅವನ ಶಿಷ್ಯ ಛೋಫೆಲ್ ಹೀಗೆ ಕೇಳಿದ. ಕೆಳಗಿನ ಕಣಿವೆಯಲ್ಲಿ ಮಕ್ಕಳಿಗೆ ಜ್ವರ ಹಬ್ಬಿತ್ತು. ನಾಳೆ ಅಲ್ಲಿಗೆ ಹೋಗಬೇಕಾದ ಮದ್ದಿನ ಹೂವಿನ ಚೀಲಕ್ಕೆ ಅವನು ದಾರ ಕಟ್ಟುತ್ತಿದ್ದ.

"ಭಲೇ ಪ್ರಶ್ನೆ! ಕೇಳು ಹಾಗಾದರೆ" ಎಂದು ಗುರು ಕತೆ ಹೇಳಿದ.

ಒಬ್ಬ ವೈದ್ಯನಿದ್ದ. ಎತ್ತರದ ಹುಲ್ಲುಗಾವಲಿನಲ್ಲಿ ಕುರಿಗಣ್ಣು ಹೂವು ಬಿಡುತ್ತದಲ್ಲ, ನೀಲಿ ಎಸಳು, ನಡುವೆ ಹಳದಿ, ಅದನ್ನು ಕೊಯ್ದು ಜ್ವರಕ್ಕೆ ಕೊಡುತ್ತಿದ್ದ. ತಂಪಿನ ಮದ್ದು ನೆರಳಲ್ಲೇ ಒಣಗಬೇಕು, ಬಿಸಿ ತಾಗಿದರೆ ಗುಣ ಹೋಯಿತು; ಇದು ನಮ್ಮ ಹಿರಿಯರ ಕಟ್ಟಳೆ. ಈ ವರ್ಷದ ಹಾಗೆಯೇ ಆ ವರ್ಷವೂ ಮಳೆ ಬಿಡಲಿಲ್ಲ. ಬೂಷ್ಟು ಹಿಡಿದೀತೆಂದು ಹೆದರಿ ಅವನು ಹೂವನ್ನು ಒಲೆಯ ಪಕ್ಕ ಹರವಿಬಿಟ್ಟ. ಒಣಗಿದ ಮೇಲೆ ನೋಡಿದರೆ ಅದೇ ನೀಲಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಸುಮ್ಮನಾದ.

ಚಳಿಗಾಲದಲ್ಲಿ ಕುರಿ ಕಾಯುವ ಹೆಂಗಸೊಬ್ಬಳು ಓಡಿಬಂದಳು. ಇದ್ದೊಬ್ಬ ಮಗಳಿಗೆ ಜ್ವರ. ವೈದ್ಯ ಆ ಹೂವನ್ನೇ ಕೊಟ್ಟ. ಮೂರನೆಯ ದಿನ ಮತ್ತೆ ಬಂದಳು, ಬಂದವಳೇ ಕಾಲಿಗೆ ಬಿದ್ದಳು.

"ತಪ್ಪಾಯಿತು, ವೈದ್ಯರೇ. ನಾನು ಪಾಪಿ, ಸರಿಯಾಗಿ ಕುದಿಸಲಿಲ್ಲವೋ ಏನೋ. ಜ್ವರ ಇಳಿಯಲೇ ಇಲ್ಲ. ನಿಮ್ಮ ಮದ್ದು ಸುಳ್ಳಾಗುವುದುಂಟೆ? ಇನ್ನೊಂದು ಹಿಡಿ ಕೊಡಿ, ಈ ಸಲ ಜೋಪಾನವಾಗಿ ಕುದಿಸುತ್ತೇನೆ."

ವೈದ್ಯ ಅವಳನ್ನು ಹಿಡಿದೆತ್ತಿದ. "ತಪ್ಪು ನಿನ್ನದಲ್ಲ ತಾಯಿ, ನನ್ನದು" ಎಂದ. ಉಳಿದ ಹೂವನ್ನೆಲ್ಲ ಬೆಂಕಿಗೆ ಸುರಿದ. ಹದಿನೈದು ವರ್ಷದಿಂದ ತಾನು ಮಾತು ಬಿಟ್ಟಿದ್ದ ಇನ್ನೊಬ್ಬ ವೈದ್ಯನ ಮನೆಗೆ ಹಿಮ ತುಳಿದುಕೊಂಡು ಹೋದ. ಬಾಗಿಲಲ್ಲಿ ನಿಂತು, ನೆರಳಲ್ಲಿ ಒಣಗಿದ ಒಂದು ಹಿಡಿ ಹೂವು ಬೇಡಿ ತಂದ.

ಗುರು ಕತೆಯನ್ನು ಇಷ್ಟಕ್ಕೇ ನಿಲ್ಲಿಸಿದ. ಛೋಫೆಲ್‌ಗೆ ತಡೆಯಲಾಗಲಿಲ್ಲ.

"ಮಗು ಉಳಿಯಿತೆ?"

"ಉಳಿಯಿತು. ಆದರೆ ಅಷ್ಟರಲ್ಲಿ ಜ್ವರ ಅವಳ ಕಿವಿ ತಿಂದಿತ್ತು. ಇವತ್ತಿಗೂ ನಾನು ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದಿಲ್ಲ."

ಛೋಫೆಲ್‌ನ ಕೈ ದಾರದ ಮೇಲೆ ನಿಂತಿತು.

"ಈಗ ಹೇಳು ಮಗೂ, ಈ ಚೀಲದ ಹೂವನ್ನು ಎಲ್ಲಿ ಒಣಗಿಸಿದೆ?"

ಛೋಫೆಲ್ ಹಾಕಿದ ಗಂಟನ್ನು ಬಿಚ್ಚತೊಡಗಿದ.