ಫಕೀರವ್ವ ಸೈಕಲ್ ಇಳಿದ ತಿರುವು

ಕೂಡ್ರಿ, ಕೂಡ್ರಿ. ಹೊಸಾ ಗೇರು ಹಾಕಿಸೀರಿ, ಗಾಲಿ ಹಗುರ ಮಾಡಿಸೀರಿ, ಎಲ್ಲಾ ಖರೇ. ಆ ಸೈಕಲ್ ಒರೆಸೂದು ಬಿಟ್ಟು ಒಂದೀಟು ನನ್ನ ಕಡೆ ನೋಡ್ರಿ. ಈ ಗುಡ್ಡ ಏರಾಕ ಬಂದವರಿಗೆ ನಾ ಮೊದಲು ಮಾತು ಹೇಳ್ತೀನಿ, ಆಮ್ಯಾಲ ಚಾ ಕೊಡ್ತೀನಿ. ಅವಸರ ಇದ್ದವರು ಮುಂದಿನ ಅಂಗಡಿಗೆ ಹೋಗಬಹುದು. ಅಲ್ಲಿ ಚಾ ನೀರಿನಂಗ ಇರ್ತೈತಿ, ಆಮ್ಯಾಲ ನನಗ ಬಯ್ಯಬ್ಯಾಡ್ರಿ.

ಬಾಳ ಹಿಂದಕ, ನಮ್ಮ ಮುತ್ಯಾ ಇನ್ನಾ ಹುಟ್ಟದ ಕಾಲಕ್ಕ, ಈ ಗುಡ್ಡದ ಬುಡಕ್ಕ ಒಂದು ಊರಿತ್ತಂತ. ಆ ಊರಾಗ ಒಬ್ಬಾಕಿ ಸೂಲಗಿತ್ತಿ ಇದ್ಲಂತ. ಹೆಸರು ಫಕೀರವ್ವ. ಆಕಿ ಕೈಯಾಗ ಹುಟ್ಟಿದ ಕೂಸು ಅಳಲಾರದ ಉಳೀಲೇ ಇಲ್ಲ ಅಂತಾರ. ಹೊಟ್ಟ್ಯಾಗ ಅಡ್ಡ ತಿರುಗಿದ ಕೂಸು ಆಕಿ ದನಿ ಕೇಳಿ ತಾನ ನೆಟ್ಟಗಾಗತಿತ್ತು ಅಂತಾರ. ಎಷ್ಟು ಖರೇನೋ ಎಷ್ಟು ಸುಳ್ಳೋ, ಊರ ದ್ಯಾಮವ್ವಗ ಗೊತ್ತು. ಕೈ ಬೆಣ್ಣಿ, ನಾಲಿಗಿ ಮಾತ್ರ ಕುಡಗೋಲು.

ಗಂಡ ಸತ್ತು ಹೋಗಿದ್ದ. ಇದ್ದಾಕಿ ಒಬ್ಬಾಕಿ ಮಗಳು, ಹೊನ್ನವ್ವ. ತನ್ನ ಕೈಗುಣ ಮಗಳಿಗೆ ಬರಲಿ, ಮಗಳು ತನ್ನ ಕಣ್ಮುಂದ ಇರಲಿ ಅಂತ ಆಕಿ ಆಸೆ. ಆ ಮಗಳು ಏನು ಮಾಡಿದ್ಲು? ಗುಡ್ಡದ ಮ್ಯಾಲ ಕಲ್ಲು ಒಡೆಯೂ ಯಮನೂರಪ್ಪನ್ನ ಮೆಚ್ಚಿ, ಅವನ್ನ ಲಗ್ನ ಆಗ್ತೀನಿ ಅಂದ್ಲು. ತಾಯಿ ಬ್ಯಾಡ ಅಂದ್ಲು. ಮಗಳು ಗಂಟು ಕಟ್ಟಿದ್ಲು. ಆಗ ಫಕೀರವ್ವ ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟು, ದ್ಯಾಮವ್ವನ ಗುಡಿ ಮುಂದ ನಿಂತು ಭಂಡಾರ ಮುಟ್ಟಿ ಆಣಿ ಮಾಡಿದ್ಲಂತ: "ಆ ಗುಡ್ಡದ ಮಣ್ಣು ನನ್ನ ಪಾದಕ್ಕ ಹತ್ತಿದ್ರ ನಾ ನಿನ್ನ ಮಗಳಲ್ಲ, ತಾಯಿ!"

ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು. ಮಗಳು ಒಮ್ಮೆ ಹೊಳ್ಳಿ ನೋಡಿ ಗುಡ್ಡ ಹತ್ತಿದ್ಲು. ಫಕೀರವ್ವನ ಮನಿ ಕಟ್ಟಿ ಮ್ಯಾಲ ಕುಂತ್ರ ಮ್ಯಾಲಿನ ಗುಡಿಸಲದ ದೀಪ ಕಾಣತಿತ್ತಂತ. ದಿನಾ ಸಂಜೀಕ ಆ ದೀಪ ಹತ್ತಿದ್ದು ನೋಡಿದ ಮ್ಯಾಲ ಆಕಿ ರೊಟ್ಟಿ ಮುರೀತಿದ್ಲಂತ. ಕಲ್ಲು ಹೊತ್ತು ಇಳದು ಬಂದವರು ಸುದ್ದಿ ಹೇಳ್ತಿದ್ರು: "ಹೊನ್ನವ್ವ ಗಂಡು ಹಡದಾಳ." "ಯಾರು ಹಡಸಿದ್ರು?" ಅಂತ ಕೇಳಾಕ ಬಾಯಿ ತೆಗೀತಿದ್ಲು, ಮುಚ್ಚತಿದ್ಲು. ಊರ ಮಕ್ಕಳನ್ನೆಲ್ಲಾ ತನ್ನ ಕೈಯಾಗ ಹಿಡದಾಕಿ ಈಕಿ, ಈಕಿ ಮಗಳ ಕೂಸನ್ನ ಬ್ಯಾರೇದವರು ಹಿಡದ್ರು.

ಹಿಂಗಿರೂ ಮುಂದ ಒಂದಿನ ಆಕಿಗೆ ಹೊಳೀತಂತ. ಮಣ್ಣು ಪಾದಕ್ಕ ಹತ್ತಬಾರದು, ಅಷ್ಟ ಅಲ್ಲ? ಸೈಕಲ್ ಮ್ಯಾಲ ಹೋದ್ರ ಹೆಂಗ ಹತ್ತತೈತಿ? ಗಂಡನ ಹಳೇ ಸೈಕಲ್ ದನದ ಕೊಟ್ಟಿಗ್ಯಾಗ ಬಿದ್ದಿತ್ತು. ಸೈಕಲ್ ರಿಪೇರಿ ಮಾಡೂ ಮೋದಿನಸಾಬಗ ತೋರಿಸಿದ್ಲು, ಅವನ ಕೈಲೇ ಹತ್ತೂದು ಇಳಿಯೂದು ಕಲತ್ಲು. "ಅಲ್ಲಬೇ, ಕಾಲಿಗೆ ಚಪ್ಪಲಿ ಮೆಟ್ಟಿ ನಡದು ಹೋಗು, ಮಣ್ಣು ಹತ್ತಂಗಿಲ್ಲಲ್ಲ," ಅಂತ ಬಾಜೂ ಮನಿಯಾಕಿ ಅಂದದ್ದಕ್ಕ, "ದೇವಿ ಮುಂದ ಚಪ್ಪಲಿ ನೆಪ ಹೇಳ್ಲೇನು?" ಅಂತ ಹರಿಹಾಯ್ದಳಂತ. ಸೈಕಲ್ ನೆಪ ನಡೀತೈತಿ, ಚಪ್ಪಲಿ ನೆಪ ನಡಿಯಂಗಿಲ್ಲ! ನಗಬ್ಯಾಡ್ರಿ. ನಿಮ್ಮ ಮನ್ಯಾಗೂ ಇಂಥಾ ಹಿರೇರು ಇರಬೇಕು.

ಈಗಿನಂಗ ಡಾಂಬರು ಇರಲಿಲ್ಲ, ಬರೇ ಮಣ್ಣಿನ ದಾರಿ. ಮುಕ್ಕಾಲು ಗುಡ್ಡ ಹತ್ತಿದ್ರ ಒಂದು ಬನ್ನಿ ಗಿಡದ ತಿರುವು. ಅಲ್ಲಿ ಏರು ಗ್ವಾಡಿ ಹಂಗ ಎದ್ದು ನಿಲ್ಲತೈತಿ. ಫಕೀರವ್ವನ ಸೈಕಲ್ ಅಲ್ಲಿಗೆ ಹೋಗಿ ನಿಂತು ಬಿಡತಿತ್ತು. ಕಾಲು ನೆಲಕ್ಕ ಹತ್ತೂದರೊಳಗ ಆಕಿ ಬನ್ನಿ ಟೊಂಗಿ ಹಿಡಕೊಂಡು, ಸೈಕಲ್ ಹೊಳ್ಳಿಸಿ, ಇಳಕಲಕ್ಕ ಬಿಟ್ಟು ಬರತಿದ್ಲಂತ.

ಬಂದಾಕಿ ಸೈಕಲ್ಲಿಗೆ ಬಯ್ಯತಿದ್ಲು. ಚೈನು ಜಾರತೈತಿ. ಸರಿ, ಆವತ್ತಿನಿಂದ ಹಡಸಿದ್ದಕ್ಕ ಜ್ವಾಳ ಒಲ್ಲೆ, ಖಣ ಒಲ್ಲೆ, ಚೈನು ತಂದು ಕೊಡ್ರಿ ಅಂದ್ಲು. ಕೂಸಿನ ಅಪ್ಪ ಪ್ಯಾಟಿಗೆ ಓಡಿ ಹೊಸಾ ಚೈನು ತಂದ. ಮತ್ತ ಹೋದ್ಲು, ಮತ್ತ ತಿರುವಿನಿಂದ ಹೊಳ್ಳಿ ಬಂದ್ಲು. ಟಾಯರು ಮಣ್ಣು ಹಿಡಿಯಂಗಿಲ್ಲ. ಇನ್ನೊಂದು ಮನ್ಯಾಗ ಕೂಸು ಹುಟ್ತು, ಟಾಯರು ಬಂತು. ಪೈಡ್ಲು ತೆಳ್ಳಗ ಅದಾವು, ಸೀಟು ಎತ್ತರಿಲ್ಲ, ಗಾಲಿ ಕಡ್ಡಿ ಸಡ್ಲಾಗ್ಯಾವು. ಊರಾಗ ಮಕ್ಕಳನ್ನ ಹೆಸರಿನಿಂದ ಕರಿಯೂದು ಬಿಟ್ಟು ಚೈನಿನ ಕೂಸು, ಟಾಯರಿನ ಕೂಸು ಅಂತ ಕರೀತಿದ್ರಂತ. ನಮ್ಮ ಮುತ್ಯಾ ಬೆಲ್ಲಿನ ಕೂಸು. ಸಾಯೂತನಕ ಬೆಲ್ಲಿನ ಈರಪ್ಪ ಅನಿಸಿಕೊಂಡ.

ಏರಾಕ ಬೆಲ್ ಯಾಕ ಬೇಕು, ಹೇಳ್ರಿ? ತಿರುವಿನಾಗ ಬಾರಿಸಾಕ. ಟೊಂಗಿ ಹಿಡದು ಒಮ್ಮೆ ಟ್ರಿಣ್ ಅನಿಸತಿದ್ಲು, ಹೊಳ್ಳತಿದ್ಲು. ಮ್ಯಾಲ ಹೊನ್ನವ್ವ ಹಿಟ್ಟಿನ ಕೈಯಾಗ ಬಾಗಿಲಕ್ಕ ಓಡಿ ಬರತಿದ್ಲಂತ. ಅವ್ವ ಬಂದ್ಲು ಅನ್ನೂದರಾಗ ಗಾಲಿ ಸಪ್ಪಳ ಕೆಳಗ ಇಳಕೋತ ಹೋಗತಿತ್ತು. ಆ ಸಪ್ಪಳ ಪೂರಾ ಆರೂತನಕ ನಿಂತು, ಮೂಗು ಒರಿಸಿಕೊಂಡು ಒಳಗ ಹೋಗತಿದ್ಲು. ನಾಲ್ಕು ಹೆಜ್ಜಿ ಇಳದು ಬರಬಾರದಾಗಿತ್ತೇನು ಆಕಿ? ನೂಲಿನಂಗ ಸೀರಿ, ತಾಯಿಯಂಗ ಮಗಳು. ಅವ್ವ ತಾನಾಗಿ ಬಂದ್ರ ಬರಲಿ, ಯಾರೂ ಕರಿಯಾಕ ಹೋಗಬ್ಯಾಡ್ರಿ ಅಂತ ಗಂಡಗೂ ಹೇಳಿ ಬಿಟ್ಟಿದ್ಲಂತ.

ಹಿಂಗ ವರ್ಷಾನುಗಟ್ಟಲೆ. ಹೊನ್ನವ್ವನ ಬೈತಲ್ಯಾಗ ಒಂದೆರಡು ಬಿಳಿ ಕೂದಲು ಬಂದಿದ್ವು. ಕಡೀಕ ಮೋದಿನಸಾಬ ದೂರದ ಊರಿಂದ ಹಿಂದಿನ ಗಾಲಿಗೆ ಹಲ್ಲು ಹೆಚ್ಚಿದ್ದ ದೊಡ್ಡ ಚಕ್ರ ತರಿಸಿದ. ಅದು ಇದ್ರ ಏರು ಹಗುರ ಆಗ್ತೈತಿ, ನಿಮಗ ಗೊತ್ತಲ್ಲ. ಅದನ್ನ ಕೂಡಿಸಿ, ಎಣ್ಣಿ ಬಿಟ್ಟು, ಅಂವ ಅಂದನಂತ: "ಯಕ್ಕಾ, ಇನ್ನ ಇದರಾಗ ಬದಲಿ ಮಾಡೂವಂಥಾದ್ದು ಒಂದೂ ಉಳಿದಿಲ್ಲ. ಇನ್ನೂ ಏರಲಿಲ್ಲ ಅಂದ್ರ ಕುಣಿಲಾರದಾಕಿ ನೆಲ ಡೊಂಕು ಅಂದಂಗ ಆಗ್ತೈತಿ." ಫಕೀರವ್ವನ ಮಾರಿ ಕೆಂಪಾತು. ಹತ್ತಿ ಹೊಂಟೇ ಬಿಟ್ಲು.

ಮುಂಜಾನಿ ಬಿಸಲು. ಸೈಕಲ್ ಚಲೋ ಏರಿತು. ತಿರುವಿನಾಗ ಬೆಲ್ ಬಾರಿಸಿದ್ಲು. ಚೈನು ಜಾರಲಿಲ್ಲ, ಟಾಯರು ಬಿಡಲಿಲ್ಲ. ಸೈಕಲ್ಲಿನಾಗ ಏನೂ ತಪ್ಪಿರಲಿಲ್ಲ ಅಂತಾರ. ಆದ್ರ ಮ್ಯಾಲಿನ ಗುಡಿಸಲ ಕಂಡಿದ್ದೇ ತಡ, ಏನಂತ ಮಾರಿ ತೋರಿಸಲಿ ಅನ್ನಿಸ್ತು ಆಕಿಗೆ. ಕೈ ತಾನ ಬನ್ನಿ ಟೊಂಗಿಗೆ ಹೋತು. ರೂಢಿ ಬಿದ್ದ ಕೈ ನೋಡ್ರಿ.

ಅಷ್ಟರಾಗ ಮ್ಯಾಲಿಂದ ಒಂದು ಚೀರು ಕೇಳಿಸ್ತು.

ಹೆರಿಗಿ ಬ್ಯಾನಿ ಚೀರು. ಕೂಸು ನೆಟ್ಟಗಿಲ್ಲ ಅನ್ನೂದು ಸೂಲಗಿತ್ತಿ ಕಿವಿಗೆ ಗೊತ್ತಾತು. ದನಿ ಯಾರದು ಅನ್ನೂದು ತಾಯಿ ಕಿವಿಗೆ ಗೊತ್ತಾತು. ಫಕೀರವ್ವ ಟೊಂಗಿ ಬಿಟ್ಲು. ಎಡಗಾಲು ಇಳಿಸಿದ್ಲು. ಬರಿಗಾಲು, ಬಿಸಿ ಮಣ್ಣು. ಊರಿಗೂರೇ ಕೂಡಿ ಕಟ್ಟಿದ ಸೈಕಲ್ ಅಲ್ಲೇ ಒಗೆದು ಸೀರಿ ಎತ್ತಿ ಕಟ್ಟಿ ಓಡಿದ್ಲು. ಗುಡ್ಡ ಬಿರೀಲಿಲ್ಲ, ಸಿಡ್ಲು ಬೀಳಲಿಲ್ಲ. ದ್ಯಾಮವ್ವ ಸುಮ್ಮನ ಇದ್ಲಂತ.

ಬಾಗಿಲದಾಗ ಮೂರು ಮಕ್ಕಳು ನಿಂತಿದ್ವು. ದೊಡ್ಡದು ಕೇಳ್ತಂತ: "ಯಾರು ಬೇಕಾಗಿತ್ರಿ ನಿಮಗ?"

ಅಯ್ಯೋ ಶಿವನ! ಸ್ವಂತ ಮೊಮ್ಮಗ ರೀ! ಆಕಿ ಅವನ್ನ ದಾಟಿ ಒಳಗ ನುಗ್ಗಿದ್ಲು. ಸಂಜಿ ಹೊತ್ತಿಗೆ ಕೂಸು ಅತ್ತಿತು. ಹೊನ್ನವ್ವ ಕೂಸನ್ನ ನೋಡಲಿಲ್ಲ, ತಾಯಿ ಪಾದ ನೋಡಿದ್ಲು. "ಅವ್ವಾ, ಮಣ್ಣು ಹತ್ತೇತಿ," ಅಂತ ಸೆರಗಿನಿಂದ ಒರಸಾಕ ಹೋದ್ಲು. ಫಕೀರವ್ವ ಕಾಲು ಹಿಂದಕ ತಗೊಂಡು, "ಒರಸಬ್ಯಾಡ ಮಗಳ, ಇರಲಿ," ಅಂತ ಬೋರಾಡಿ ಅತ್ತಳಂತ.

ಆಮ್ಯಾಲ ಆಕಿ ಕೆಳಗಿನ ಮನೀಗೆ ಹೊಳ್ಳಲೇ ಇಲ್ಲ. ಹೆರಿಗಿ ಬ್ಯಾನಿ ಇದ್ದ ಮನಿಯವರು ಮ್ಯಾಲ ಬಂದು ಕರಕೊಂಡು ಹೋಗಿ ಮತ್ತ ಮ್ಯಾಲ ಬಿಡತಿದ್ರು, ನಡಸಿಕೊಂಡೇ. ದಿನಾ ಸಂಜೀಕ ದೀಪ ಹಚ್ಚಿದ ಮ್ಯಾಲ ಮಗಳಿಗೆ ಕೇಳತಿದ್ಲಂತ: ಹಿರ್ಯಾವ ಹುಟ್ಟಿದಾಗ ಹೆಂಗಿತ್ತು? ಬೇಗ ಅತ್ತನೋ ತಡಾ ಮಾಡಿದನೋ? ನಡುವಿನಾಕಿಗೆ ಮೊದಲ ನೀರು ಯಾರು ಹಾಕಿದ್ರು? ಹೇಳಿದ್ದನ್ನ ಮತ್ತ ಹೇಳಸತಿದ್ಲು. ಕಣ್ಣಾರೆ ನೋಡಲಿಲ್ಲ ಅನ್ನೂ ಆ ಹಳಹಳಿ ಆಕಿಗೆ ಮಣ್ಣಾಗೂತನಕ ಹೋಗಲಿಲ್ಲ. ಸೈಕಲ್ ಬನ್ನಿ ಗಿಡದ ಬುಡಕ್ಕ ಬಿದ್ದಲ್ಲೇ ತುಕ್ಕು ಹಿಡೀತು. ಯಾರೂ ಅದರ ಒಂದು ನಟ್ಟು ಮುಟ್ಟಲಿಲ್ಲಂತ.

ಅವತ್ತಿನಿಂದ ಸೈಕಲ್ಲಿಗೆ ಹೊಸಾ ಸಾಮಾನು ಹಾಕಿಸಿದವರು ಮೊದಲ ಸಲ ಈ ಗುಡ್ಡ ಏರತಾರ, ಆ ತಿರುವಿನಾಗ ಇಳೀತಾರ. ಬೂಟು ಬಿಚ್ಚಿ, ಡಾಂಬರು ದಾಟಿ, ಎಡಗಾಲು ಮಣ್ಣಿನ ಮ್ಯಾಲ ಊರತಾರ. ಯಾರ ಜೋಡಿನರ ಮಾತು ಬಿಟ್ಟವರಿದ್ರ ಗುಡ್ಡ ಅಲ್ಲಿಗೇ ಬಿಟ್ಟು, ಸೈಕಲ್ ಹೊಳ್ಳಿಸಿ, ನೆಟ್ಟಗ ಅವರ ಮನೀಗೆ ಹೋಗ್ತಾರ. ಅಂಥವರು ಹೊಳ್ಳಿ ಬರೂದು ಈ ಅಂಗಡಿ ಮುಂದ. ನಾ ಏನೂ ಕೇಳಂಗಿಲ್ಲ, ಮಾರಿ ನೋಡಿದ್ರ ತಿಳೀತೈತಿ.

ತಗೋರಿ ಚಾ. ನಿಮ್ಮ ಗೇರು ಚಲೋ ಅದಾವು, ಇಳಿಲಾರದ ಏರತೀರಿ, ನನಗೂ ಕಾಣಸತೈತಿ. ಆದ್ರೂ ಇಳೀರಿ.