ಗೀಜಗನ ಕುಶಲೋಪರಿ

ಗೀಜಗ ಎಂಬ ಪುಟ್ಟ ವಿಮಾನವೊಂದಿತ್ತು. ಅದು ಇಳಿದು ಏರುವ ಹುಲ್ಲುಮೈದಾನದಲ್ಲಿ ಅದರ ಹರಟೆಗೆ ಕಿವಿಗೊಡುತ್ತಿದ್ದುದು ಗಾಳಿಯ ದಿಕ್ಕು ತೋರಿಸುವ, ಕಂಬದ ಮೇಲಿನ ಗಾಳಿಚೀಲವೊಂದೇ. ಗೀಜಗ ಮೊದಲ ಸಲ ಮಹಾನಗರದ ವಿಮಾನ ನಿಲ್ದಾಣಕ್ಕೆ ಹೊರಟಾಗ ಗಾಳಿಚೀಲ ಎಚ್ಚರಿಸಿತು: "ಅಲ್ಲಿ ಎಲ್ಲರಿಗೂ ಸೇರಿ ರೇಡಿಯೊ ಒಂದೇ. ಒಬ್ಬರು ಮಾತಾಡುವಾಗ ಇನ್ನೊಬ್ಬರ ದನಿ ಕೇಳಿಸದು. ಹೆಸರು ಹೇಳು, ದಾರಿ ಕೇಳು, ಸುಮ್ಮನಾಗು."

"ದೊಡ್ಡವರ ಮನೆಗೆ ಹೋಗಿ ಉಭಯಕುಶಲೋಪರಿ ಮಾತಾಡದೆ ಇಳಿದುಬಿಡಲೇ?" ಎಂದು ಗೀಜಗ ನಕ್ಕಿತು.

ನಿಲ್ದಾಣ ಕಾಣುತ್ತಲೇ ಅದು ಶುರು ಹಚ್ಚಿಕೊಂಡಿತು. ವಿಮಾನಗಳಿಗೆ ದಾರಿ ಹೇಳುವ ಗೋಪುರಕ್ಕೆ ನಮಸ್ಕಾರ, ಸಾಲಿನಲ್ಲಿದ್ದ ದೊಡ್ಡ ವಿಮಾನಗಳಿಗೆಲ್ಲ ನಮಸ್ಕಾರ, ತನ್ನೂರ ಗಾಳಿಯ ಸಮಾಚಾರ, ದಾರಿಯಲ್ಲಿ ಕಂಡ ಕೆರೆಗಳ ವರ್ಣನೆ. ಮಾತು ಮುಗಿದದ್ದೇ ತಡ, ಇನ್ನೊಂದು ವಿಮಾನದ ದನಿ ನುಗ್ಗಿ ಬಂತು: "ಗೋಪುರವೇ, ಆಗಿನಿಂದ ಕೂಗುತ್ತಿದ್ದೇನೆ! ಉಸಿರಿಗೆ ಒದ್ದಾಡುವ ರೋಗಿಯನ್ನು ಹೊತ್ತಿದ್ದೇನೆ. ಮೊದಲು ನನ್ನನ್ನು ಇಳಿಸು."

"ಅಯ್ಯೋ, ನೀನು ರನ್‌ವೇ ಕಡೆ ತಿರುಗುವ ಜಾಗ ದಾಟಿ ಹೋದೆ," ಎಂದಿತು ಗೋಪುರ. "ಇನ್ನೊಂದು ಸುತ್ತು ಹಾಕಿಕೊಂಡೇ ಬರಬೇಕು."

ಗೀಜಗಕ್ಕೆ ರೆಕ್ಕೆಗಳೇ ಭಾರವಾದವು. ಗೋಪುರ ಅದನ್ನು ಬೈಯಲಿಲ್ಲ. ಬೈಯುವಷ್ಟು ಬಿಡುವು ಅಲ್ಲಿ ಯಾರಿಗೂ ಇರಲಿಲ್ಲ. ತನ್ನ ಸರದಿ ಬಂದಾಗ ಗೀಜಗ ಇಳಿದು ಒಂದು ಮೂಲೆಯಲ್ಲಿ ನಿಂತು ನೋಡಿತು. ಸುತ್ತು ಮುಗಿಸಿ ಆಗಷ್ಟೇ ಇಳಿದಿದ್ದ ರೋಗಿಯ ವಿಮಾನದ ಬಳಿಗೆ, ಕಾದಿದ್ದ ಆಂಬುಲೆನ್ಸ್ ಕೂಗುತ್ತ ಓಡಿತು. ಮರಳುವಾಗ ಅದಕ್ಕೆ ಅವಸರವಿರಲಿಲ್ಲ, ಕೂಗೂ ಇರಲಿಲ್ಲ.

ಕ್ಷಮೆ ಕೇಳಲೆಂದು ಗೀಜಗ ಬಾಯಿ ತೆರೆಯಿತು. ಆಗಲೇ ಆಕಾಶದಿಂದ ಇನ್ಯಾರೋ ದಾರಿ ಕೇಳುತ್ತಿದ್ದರು. ಅದು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡಿತು.