ಎತ್ತುಗಳ ಮುಜುರೆ

ಕರಡಿಕೋಟೆಯ ಬೊಮ್ಮರಸ ನಾಯಕನಿಗೆ ಹೊಗಳಿಕೆ ಅಂದರೆ ಪ್ರಾಣ. ಉಪ್ಪು ಹೊತ್ತು ಬರುವ ಹೇರೆತ್ತುಗಳಿಗೆಂದು ಅವನು ಘಟ್ಟದ ಬುಡದಲ್ಲಿ ಕಲ್ಲಿನ ನೀರುತೊಟ್ಟಿ ಇಡಿಸಿದ. ಒಳ್ಳೇ ಕೆಲಸವೇ, ಇಲ್ಲ ಅನ್ನೋರು ಯಾರು? ಆದರೆ ದೂರಕ್ಕೂ ಕಾಣಲಿ ಅಂತ ಅದನ್ನು ಎದೆಯೆತ್ತರದ ಜಗಲಿಯ ಮೇಲೆ ಕೂರಿಸಿ, ತೊಟ್ಟಿಯ ಮುಂದುಗಡೆ ತನ್ನ ಹೆಸರನ್ನೂ ಕೆತ್ತಿಸಿದ.

ಒಂದು ದಿನ ನೋಡಲು ಹೋದರೆ, ಎತ್ತುಗಳು ಕತ್ತು ಚಾಚಿ ನೀರು ಹೀರುತ್ತಿವೆ. ನಾಯಕನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಹೆಸರಿಗೆ ತಲೆಬಾಗದ ಪ್ರಾಣಿಗೆ ಒಂದು ಹನಿಯೂ ಇಲ್ಲ ಎಂದು ತೊಟ್ಟಿಗೆ ಹಲಗೆ ಮುಚ್ಚಿಸಿಬಿಟ್ಟ.

ಮುಂದಿನ ನೀರು ಘಟ್ಟದ ಮೇಲೆ. ಹೇರೆತ್ತಿನವರ ಮುಖಂಡ ಸಿದ್ಲಿಂಗ ಆಸ್ಥಾನದ ಸಂಪಣ್ಣನ ಹತ್ತಿರ ಓಡಿ ಬಂದ. "ಎತ್ತುಗಳ ಬಾಯಲ್ಲಿ ನೊರೆ ಬರ್ತಿದೆ ಸ್ವಾಮಿ. ಹೀಗೇ ಹತ್ತಿಸಿದರೆ ಅರ್ಧ ದಾರೀಲೇ ಸಾಯ್ತವೆ" ಎಂದು ಅತ್ತೇಬಿಟ್ಟ.

ಸಂಪಣ್ಣ ಮಹಾ ಕಿಲಾಡಿ. ಎತ್ತುಗಳಿಗೆ ತಲೆಬಾಗಿ ಮುಜುರೆ ಮಾಡುವುದನ್ನು ಕಲಿಸುತ್ತೇನೆ, ಎರಡು ಗಳಿಗೆ ಕೊಡಿ ಎಂದು ನಾಯಕನನ್ನು ಒಪ್ಪಿಸಿದ. ಕಲ್ಲುಕುಟಿಗರಿಂದ ಜಗಲಿ ಕೆಡವಿಸಿ, ತೊಟ್ಟಿಯನ್ನು ನೆಲಕ್ಕಿಳಿಸಿ, ನೀರು ತುಂಬಿಸಿದ. ಅಷ್ಟೇ ಪಾಠ.

ನಾಯಕ ಪರಿವಾರ ಕಟ್ಟಿಕೊಂಡು ಬಂದ. ಮೊದಲ ಸಾಲಿನ ಎತ್ತುಗಳು ನುಗ್ಗಿ ಬಂದು, ಅವನ ಹೆಸರಿನ ಮುಂದೆ ಮೂಗು ನೆಲಕ್ಕೆ ತಾಗುವಷ್ಟು ಬಾಗಿದವು. ನಾಯಕ ಹಿಗ್ಗಿಹೋದ. ಆಸ್ಥಾನಿಕರು ಭೇಷ್ ಭೇಷ್ ಅಂದರು.

ಆ ಎತ್ತುಗಳೋ, ಹೊಟ್ಟೆ ತುಂಬ ಕುಡಿದವು, ತಿರುಗಿದವು, ನಾಯಕನ ಮುಖಕ್ಕೇ ಬಾಲ ಬೀಸಿ ಹೊರಟವು. ಕರಡಿಕೋಟೆಯಲ್ಲಿ ಯಾರೂ ನಾಯಕನಿಗೆ ಬೆನ್ನು ತೋರಿಸುವ ಹಾಗಿಲ್ಲ. ಎಂಥ ದೊಡ್ಡ ಮನುಷ್ಯನೂ ಬಾಗಿಲ ತನಕ ಹಿಂದಹಿಂದಕ್ಕೇ ನಡೆಯಬೇಕು.

"ನನಗೇ ಬೆನ್ನು ತೋರಿಸ್ತಾವಾ? ಹಾಕ್ರೋ ಹಲಗೆ" ಎಂದು ನಾಯಕ ಗುಡುಗಿದ. ಇನ್ನೂ ಮೂವತ್ತು ಎತ್ತುಗಳು ಬಾಯಾರಿ ನಿಂತಿದ್ದವು.

ಸಂಪಣ್ಣ ಕೈಮುಗಿದ. "ಪ್ರಭು, ನಾವೆಲ್ಲ ಆಸ್ಥಾನದಿಂದ ಹಿಂದಹಿಂದಕ್ಕೆ ನಡೆಯೋದು ಯಾಕೆ ಹೇಳಿ? ನಮಗಿನ್ನೂ ಹೊಟ್ಟೆ ತುಂಬಿಲ್ಲ. ಇನ್ನೇನಾದರೂ ಸಿಕ್ಕೀತು ಅಂತ ಬಾಗಿಲ ತನಕ ನಿಮ್ಮ ಕೈಯನ್ನೇ ನೋಡ್ತಾ ಹೋಗ್ತೀವಿ. ನಿಮ್ಮ ಹತ್ತಿರ ಬಂದು ಹೊಟ್ಟೆ ತುಂಬಿ ಸಾಕು ಅಂತ ಹೋದವರು ಈ ನಾಡಲ್ಲಿ ಇವು ಮಾತ್ರ."

ನಾಯಕ ಆಸ್ಥಾನಿಕರ ಕಡೆ ನೋಡಿದ. ಒಬ್ಬೊಬ್ಬರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅವನಿಗೆ ನಗು ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಉಳಿದವನ್ನೂ ಬಿಡು ಸಿದ್ಲಿಂಗ" ಅಂದ. "ಇನ್ನೂ ಮೂವತ್ತು ಬೆನ್ನು ನೋಡಿಯೇ ಹೋಗ್ತೀನಿ."